ತೂಬಿನ ಬುಡದ ಗದ್ದೆ

ಶಿವಲೀಲಾ, ಮೆಟ್ರಿಯ ಕಾಲುವೆ ತೂಬಿನ ಬುಡದಲ್ಲಿರುವ ಗದ್ದೆಯನ್ನು ನಾನು ನಿನ್ನಿಂದ ಕದ್ದೆ. ಕೂಲಿ ಎಂದು ಹೆಸರಿಟ್ಟು ಕದ್ದೆ.

ಉಯಿಲನ್ನು ನಡೆಸಿಕೊಡುವ ಹೊಣೆಯನ್ನು ಅಪ್ಪ ನನಗೆ ಬಿಟ್ಟಿದ್ದ. ಇಬ್ಬರು ಮಕ್ಕಳಿಗೂ ಸಮಪಾಲು ಎಂದಷ್ಟೇ ಅದರಲ್ಲಿತ್ತು. ಸಂಡೂರಿನ ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿ ಬಾಳೆಲ್ಲ ಸಾಲು ನೇರ ಮಾಡಿದ ಮಗ — ಅವನು ಅಚ್ಚುಕಟ್ಟು ಎಂಬ ನಂಬಿಕೆ ಅಪ್ಪನಿಗೆ. ಆದರೆ ಕಂಪ್ಲಿಯ ಕಚೇರಿ ಬಾಗಿಲು ಕಾದವಳು ನೀನು. ಪಹಣಿ, ವಾರಸುದಾರರ ಕಾಗದ, ಸರ್ವೆಯವನ ಹಿಂದೆ ಅಲೆದಾಟ — ಎಲ್ಲ ನಿನ್ನದು. ನಿವೃತ್ತನಾಗಿದ್ದ ನಾನು ಹೊಸಪೇಟೆಯ ಮನೆಯಲ್ಲಿ ನಸುಕಿನ ನಡಿಗೆ, ಹೊತ್ತಿನ ಊಟ ಯಾವುದನ್ನೂ ತಪ್ಪಿಸಲಿಲ್ಲ. ನೀನು ತಂದ ಕಾಗದಕ್ಕೆ ಸಹಿ ಹಾಕಿದೆ, ಅಷ್ಟೇ.

ನಮ್ಮಲ್ಲಿ ಪಾಲು ಹಾಕಿದವನು ಕಡೆಗೆ ಆರಿಸಬೇಕು. ಹಾಗಾಗಿ ಯಾರೂ ಪಾಲಿನಲ್ಲಿ ಮೋಸ ಮಾಡುವುದಿಲ್ಲ. ಅದನ್ನು ದಾಟುವ ದಾರಿ ನಾನು ಹುಡುಕಿದೆ. ಹಿರಿಯರು ಕೂತ ಮೇಲೆ, ಪಾಲು ಹಾಕುವ ಮೊದಲೇ ಹೇಳಿದೆ: "ಉಯಿಲಿನ ಓಡಾಟ ಭಾಳ ಆತ್ರಿ. ಅದರ ಕೂಲಿಗಂತ ತೂಬಿನ ಗದ್ದಿ ನನಗ ಬಿಡ್ರಿ. ಉಳಿದದ್ದು ಸಮ ಮಾಡೋಣ."

ನೀನು ನನ್ನ ಮುಖ ನೋಡಿದೆ. ಬಾಯಿ ಬಿಟ್ಟಿದ್ದರೆ ಅಲ್ಲಿಯೇ ನನ್ನ ಮಾನ — ಆದರೆ ನೀನು ನಕ್ಕೆ.

"ತಗೊಳ್ಳಣ್ಣ. ನಿನ್ನ ಚಪ್ಪಲಿ ಭಾಳ ಸವದಾವ."

ಹಿರಿಯರೂ ನಕ್ಕರು, ಮೆಚ್ಚುಗೆ ಎಂದುಕೊಂಡರು. ಬಾಗಿಲಾಚೆ ನನ್ನ ಚಪ್ಪಲಿ ಹೊಸದಾಗಿ ಹೊಳೆಯುತ್ತಿತ್ತು. ಪಕ್ಕದಲ್ಲೇ ನಿನ್ನದು — ಬಾರು ಕಿತ್ತು, ಪಿನ್ನು ಚುಚ್ಚಿಕೊಂಡು.

ಆ ಗದ್ದೆಯ ಅನ್ನ ಮೊದಮೊದಲು ರುಚಿಯಾಗಿಯೇ ಇತ್ತು. ಇದನ್ನು ಬರೆಯಲು ಹೇಸಿಗೆಯಾಗುತ್ತದೆ. ಕಾಲುವೆಯ ಕೊನೆಯಲ್ಲಿರುವ ನಿನ್ನ ಪಾಲಿಗೆ ನೀರು ಮುಟ್ಟುವುದು ನನ್ನದು ಕುಡಿದ ಮೇಲೆ. ಹೋದ ಬೆಳೆಗೆ ನಾನು ಗದ್ದೆ ನೋಡಲು ಬಂದಾಗ ನೀನು ಬದುವಿನ ಮೇಲೆ ನಿಂತು ಕೇಳಿದೆ: "ಅಣ್ಣಾ, ಸಸಿ ಬಾಡ್ಯಾವ. ಒಂದೀಟು ನೀರು ಬಿಡ್ತಿಯೇನು?"

ಅಪ್ಪನ ಹೊಲದ ನೀರನ್ನು ನೀನು ನನ್ನ ಹತ್ತಿರ ಬೇಡಿದೆ. ನಾನು — ಥೂ — ಸರದಿ ಬರಲಿ ಎಂದೆ. ಶಾಲೆಯ ಮೈದಾನದ ಅದೇ ಶಿಸ್ತಿನ ದನಿಯಲ್ಲಿ.

ಸಸಿ ಒಣಗಿತು. ಅಂದಿನಿಂದ ತಟ್ಟೆಯ ಅನ್ನ ಕಂಡರೆ ಬಾಯಲ್ಲಿ ಹುಳಿ ನೀರೂರುತ್ತದೆ. ನನ್ನ ಮೇಲೆ ನನಗೇ ವಾಕರಿಕೆ.

ಕ್ಷಮೆ ಕೇಳುತ್ತಿಲ್ಲ. ಗದ್ದೆ ನಿನ್ನ ಹೆಸರಿಗಾಗಲಿ, ಅರ್ಧವಲ್ಲ, ಪೂರ್ತಿ. ಓಡಾಟದ ಕೂಲಿ ಎಂದಾದರೆ ಅದು ಅಂದೂ ನಿನ್ನದೇ. ಒಣಗಿದ ಬೆಳೆಯನ್ನು ಮಾತ್ರ ಹೇಗೆ ತಿರುಗಿ ಕೊಡಲಿ —

ಸೋಮವಾರದಿಂದ ಕಚೇರಿಯ ಬಾಗಿಲು ಕಾಯುವವನು ನಾನು. ನೀನು ಸಹಿಗೆ ಬಂದರೆ ಸಾಕು.