ಹೊತ್ತು ಮುಳುಗುವ ಮೊದಲು

ಜುಗೂಳದಲ್ಲಿ ನಮ್ಮಂಥ ತಬ್ಬಲಿ ಮಕ್ಕಳಿಗಾಗಿ ಊರವರೇ ನಡೆಸುತ್ತಿದ್ದ ವಸತಿ ಶಾಲೆಯಿತ್ತು. ಸಂಜೆಯ ರೊಟ್ಟಿ ಜೈನರ ಮನೆಯ ಆಯಿಯದು. ಎಡಗೈ ಹಣೆಗೆ ಅಡ್ಡ ಹಿಡಿದು ಸೂರ್ಯನನ್ನು ನೋಡುತ್ತಲೇ ಬಡಿಸುತ್ತಿದ್ದಳು. "ಹೊತ್ತ ಮುಳಗೂದ್ರಾಗ ಉಣ್ರೆಪ್ಪಾ." ಜೈನರ ನೇಮದಂತೆ ಹೊತ್ತು ಮುಳುಗಿದ ಮೇಲೆ ಆಕೆ ಏನನ್ನೂ ತಿನ್ನುವಂತಿರಲಿಲ್ಲ, ನಮ್ಮ ಊಟವಾಗದೆ ತಾನು ಉಣ್ಣುತ್ತಲೂ ಇರಲಿಲ್ಲ.

ಒಮ್ಮೆ ಕಾಗವಾಡಕ್ಕೆ ಕಬಡ್ಡಿ ಆಡಲು ಹೋದ ನಾವು ಮರಳುವಷ್ಟರಲ್ಲಿ ಕತ್ತಲಾಗಿತ್ತು. ಆಯಿ ರೊಟ್ಟಿ ಬುಟ್ಟಿಯ ಪಕ್ಕ ಕೂತೇ ಇದ್ದಳು.

"ಆಯಿ, ನಿಂದ ಊಟ ಆತು?" ಎಂದೆ.

"ನೀವ ಬಂದಿದ್ದಿಲ್ಲಲ್ಲೋ ತಮ್ಮಾ," ಎಂದು ನನ್ನ ತಾಟಿಗೆ ರೊಟ್ಟಿ ಹಾಕಿದಳು.

ಆಯಿ ಈಗಿಲ್ಲ. ನಿಪ್ಪಾಣಿಯ ಈ ಬಾಡಿಗೆ ಕೋಣೆಯಲ್ಲಿ ನಾನು ಯಾವಾಗ ಉಂಡರೂ ಕೇಳುವವರಿಲ್ಲ. ಆದರೂ ಹೊತ್ತು ಇಳಿಯುತ್ತಿದ್ದಂತೆ ಕಾಲುಗಳು ಚುರುಕಾಗುತ್ತವೆ. ಎಲ್ಲೋ ಯಾರೋ ನನಗಾಗಿ ಹಸಿದು ಕೂತಿದ್ದಾರೆ ಎನ್ನಿಸುತ್ತದೆ.