ಬಸವನಹುಳದ ಪದ್ಯ

ಮೊನ್ನೆ ಇಲ್ಲಿನ ಚಾಲೈ ಪೇಟೆಯಿಂದ ತಂದ ಚಹಾಪುಡಿಯ ಪೊಟ್ಟಣದ ಮೇಲೆ ಮಲಯಾಳ ಅಕ್ಷರಗಳು ಬಾಗಿ ಬಳುಕಿ ಲೋಟದ ಆಕಾರ ತಾಳಿದ್ದವು. ಅದನ್ನು ನೋಡಿದ್ದೇ ಪಾಟೀಲರು ನೆನಪಾದರು.

ತೊಂಬತ್ತರ ದಶಕದಲ್ಲಿ ಇದೇ ಮಲಯಾಳ ಊರಿನ ಪಟ್ಟಂ ಬಡಾವಣೆಯ ಕ್ವಾರ್ಟರ್ಸಿನಲ್ಲಿ ನಮ್ಮ ಮೇಲಿನ ಮಹಡಿಯವರು ಅವರು. ಗದಗಿನವರು, ಕೆಲಸದಲ್ಲಿ ವಿಜ್ಞಾನಿ, ಬಿಡುವಿನಲ್ಲಿ ಕವಿ. ನಮ್ಮ ಕನ್ನಡ ಸಂಘದ ಕೈಬರಹದ ಪತ್ರಿಕೆಗೆ ಅವರು ಕೊಡುತ್ತಿದ್ದ ಕೊಡೆಯ ಪದ್ಯ ನೋಡಲೂ ಕೊಡೆಯಂತಿರುತ್ತಿತ್ತು, ಮೀನಿನ ಪದ್ಯ ಮೀನಿನಂತೆ. ನಾನು ಸಂಪಾದಕ. ಓದುಗರು ಹತ್ತೋ ಹನ್ನೆರಡೋ ಜನ; ಠೀವಿ ಮಾತ್ರ ದಿನಪತ್ರಿಕೆಯದು.

“ಕೊನೆಯ ಸಾಲಿಗೆ ಅರ್ಥವೇ ಇಲ್ಲವಲ್ಲ ಸಾರ್,” ಎಂದರೆ, “ಅದು ಬಾಲರೀ. ಮೀನಿಗೆ ಬಾಲ ಬ್ಯಾಡೇನು?” ಎನ್ನುತ್ತಿದ್ದರು.

ಅವರ ಮಗಳು ವೀಣಾಗೆ ಆಗ ಒಂಬತ್ತು ವರ್ಷ. ಕನ್ನಡ ತಿಳಿಯುತ್ತಿತ್ತು, ಉತ್ತರವೆಲ್ಲ ಮಲಯಾಳದಲ್ಲಿ. ಆ ವರ್ಷ ಪಾಟೀಲರ ತಾಯಿ ಊರಿನಿಂದ ಬಂದರು. ಮೊಮ್ಮಗಳ ಒಂದು ಮಾತೂ ಅವರಿಗೆ ಅರ್ಥವಾಗದು. “ಕೂಸು ನಂದ, ಮಾತು ಮಂದೀದು,” ಎಂದು ನನ್ನ ಹೆಂಡತಿಯ ಮುಂದೆ ಕಣ್ಣು ಒರೆಸಿಕೊಂಡರಂತೆ.

ಪಾಟೀಲರು ಬಸವನಹುಳದ ಮೇಲೊಂದು ಪದ್ಯ ಬರೆದರು. ಸಾಲು ಸುರುಳಿಯಾಗಿ ಒಳಗೊಳಗೆ ಸುತ್ತುತ್ತಿತ್ತು. ಅಜ್ಜಿ, ಮೊಮ್ಮಗಳು ಎದುರುಬದುರು ಕುಳಿತರು. ಅಜ್ಜಿ ಓದುತ್ತ ಹೋದಂತೆ ಹಾಳೆ ತಿರುಗಿಸುವುದು ವೀಣಾಳ ಕೆಲಸ. ಹುಡುಗಿಯ ಕಡೆಗೆ ನೆಟ್ಟಗೆ ಬಂದ ಅಕ್ಷರ ಅಜ್ಜಿಗೆ ತಲೆಕೆಳಗು. “ಅದೇನೈತಿ, ನೀನ ಹೇಳು,” ಎಂದು ಮುದುಕಿ ಬೇಕೆಂದೇ ಸತಾಯಿಸುವರು. ಹೀಗೆ ಆ ಬೇಸಿಗೆಯಲ್ಲಿ ಹುಡುಗಿ ಅಕ್ಷರ ಕಲಿತಳು.

ಮುಂದಿನ ಸಂಚಿಕೆಗೆ ಅವಳದೇ ಒಂದು ಹಾಳೆ ಬಂತು. ‘ಅಜಿ’ ಎಂಬ ಪದವನ್ನೇ ಮೇಲಿನಿಂದ ಕೆಳಗೆ ಪೋಣಿಸಿ ಒಬ್ಬ ಮುದುಕಿಯನ್ನು ನಿಲ್ಲಿಸಿದ್ದಳು. ಅಡ್ಡ ಮಲಗಿಸಿದ ಅಕ್ಷರಗಳ ಬುಡವೆಲ್ಲ ಬೆನ್ನಿನ ಕಡೆಗೆ. ನಾನು ಅವರ ಮನೆಗೆ ಹೋಗಿ ಕೆಂಪು ಪೆನ್ನು ತೆಗೆದು, “ಒತ್ತು ಬಿಟ್ಟಿದ್ದೀಯಲ್ಲಮ್ಮ,” ಎಂದೆ.

ವೀಣಾ ಹಾಳೆಯನ್ನು ಕಸಿದುಕೊಂಡಳು. “ಒತ್ತು ಹಾಕಿದ್ರ ಅಜ್ಜಿಗೆ ಗೂನು ಬರ್ತೈತಿ, ಅಂಕಲ್!”

ಒಳಗಿದ್ದ ಅಜ್ಜಿ ಬಾಗಿಲಿಗೆ ಬಂದು ನಿಂತರು. ಆ ಮನೆಯಲ್ಲಿ ಹುಡುಗಿ ಆಡಿದ ಮೊದಲ ಕನ್ನಡ ವಾಕ್ಯ ಅದು. ಅಜ್ಜಿ ಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿಕೊಂಡರು. ಹಾಳೆ ಇದ್ದ ಹಾಗೇ ಪತ್ರಿಕೆಗೆ ಸೇರಿತು.

ಅಜ್ಜಿ ತೀರಿಹೋಗಿ ಬಹಳ ವರ್ಷವಾಯಿತು. ವೀಣಾ ಈಗ ಕೊಚ್ಚಿಯಲ್ಲಿದ್ದಾಳೆ. ನಿನ್ನೆ ಫೋನ್ ಮಾಡಿ, “ಉಂಡ್ರೇನ್ರೀ ಅಂಕಲ್? ಆರಾಮದೀರಿ?” ಎಂದಳು. ಗದಗಿನ ಮುದುಕಿಯ ಕನ್ನಡ, ಅದೇ ಎಳೆತ. ಹುಟ್ಟಿದಾರಭ್ಯ ಮೈಸೂರಿನ ಮಾತಾಡಿದ ನಾನು, “ಆರಾಮದೀನಿ ನೋಡವ್ವಾ,” ಎಂದುಬಿಟ್ಟೆ.