ರಿಮೋಟಿಗೆ ಹಚ್ಚಿದ ಟಿಕಳಿ

ನಮ್ಮ ಟಿ.ವಿ. ರಿಮೋಟ್ ಮಾಡಿದವನ ಮನೆಯಲ್ಲಿ ವಯಸ್ಸಾದವರೇ ಇರಲಿಲ್ಲವೋ ಏನೋ. ಅಷ್ಟೊಂದು ಬಟನ್ ಯಾರಿಗೆ ಬೇಕಿದ್ದವು? ಸೌಂಡಿನ ಬಟನ್ ಕೆಳಗೇ ಅದೇ ಅಳತೆಯ, ಅದೇ ಕಪ್ಪು ಬಣ್ಣದ ಇನ್ನೊಂದು ಬಟನ್. ಅದನ್ನು ಒತ್ತಿದರೆ ಚಿತ್ರ ಹೋಗಿ ಪರದೆ ಪೂರ್ತಿ ನೀಲಿಯಾಗುತ್ತಿತ್ತು. ಮತ್ತೆ ಚಿತ್ರ ತರಿಸುವುದು ಓದುಬರಹ ಬಲ್ಲ ನನಗೇ ತಲೆನೋವು.

ಅಪ್ಪನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಮಾತು ತೊದಲುತ್ತಿತ್ತು, ಕಣ್ಣೂ ಮಂಜಾಗಿತ್ತು. ಶಹಾಪುರದ ಮನೆಯ ಮುಂದಿನ ಕಿರಾಣಿ ಅಂಗಡಿಯಲ್ಲಿ ಅವನ ಜಾಗದಲ್ಲಿ ಅವ್ವ ಕೂರತೊಡಗಿದಳು. ಅವನು ಒಳಗೆ ಟಿ.ವಿ. ಮುಂದೆ. ಎಡಗೈ ಹೆಬ್ಬೆರಳು ತಪ್ಪಿ ಪರದೆ ನೀಲಿಯಾದರೂ ಕರೆಯುತ್ತಿರಲಿಲ್ಲ; ತನ್ನ ತೊದಲು ಗಿರಾಕಿಗಳಿಗೆ ಕೇಳಬಾರದೆಂಬ ಹಟ. ಒಮ್ಮೆ ನಾನು ಯಾದಗಿರಿಯಿಂದ ಬಂದಾಗ ಆ ನೀಲಿ ಪರದೆಯನ್ನೇ ನೋಡುತ್ತ ಕೂತಿದ್ದ. ಇಡೀ ಅಂಗಡಿ ನಡೆಸಿದವನ ಕೈಯಲ್ಲಿ ಇದೊಂದಾದರೂ ಇರಬೇಕಿತ್ತು.

ಅವ್ವನಿಗೆ ಹೇಳಿದೆ. ಅವಳು ಒಳಗೆ ಬಂದು ತನ್ನ ಹಣೆಯ ಟಿಕಳಿ ಕಿತ್ತು ಸೌಂಡಿನ ಬಟನ್ನಿಗೆ ಹಚ್ಚಿದಳು. ಅಪ್ಪನ ಹೆಬ್ಬೆರಳನ್ನು ಹಿಡಿದು ಅದರ ಮೇಲಿಟ್ಟಳು.

"ಬೆರಳಿಗಿ ಹತ್ತತದೇನ್ರಿ?"

"ಹತ್ತತದ," ಎಂದ ಅಪ್ಪ. ಕಾಯಿಲೆ ಬಿದ್ದ ಮೇಲೆ ಅವನು ನಕ್ಕಿದ್ದನ್ನು ಅವತ್ತೇ ನೋಡಿದ್ದು.

ಅಂದಿನಿಂದ ನಮ್ಮ ಟಿ.ವಿ. ಓಣಿಗೆಲ್ಲ ಕೇಳುತ್ತಿತ್ತು. ಟಿಕಳಿ ಸವೆದಾಗ ಅವ್ವ ಹೊಸದು ಹಚ್ಚುತ್ತಿದ್ದಳು. "ಕಿವಿ ಹೋಗ್ತಾವ್ರಿ, ಸಣ್ಣಗ ಇಡ್ರಿ!" ಎಂದು ಅಂಗಡಿಯಿಂದಲೇ ಬೈಯುತ್ತಿದ್ದಳು. ಆದರೂ ಆ ಗದ್ದಲ ಕೇಳುತ್ತಿದ್ದರೆ ಅವಳ ಜೀವಕ್ಕೆ ನೆಮ್ಮದಿ.

ಅಪ್ಪ ಹೋದ ದಿನವೂ ಟಿ.ವಿ. ಹಾಗೆಯೇ ಒದರುತ್ತಿತ್ತು. ಅದಕ್ಕೇ ಅವಳು ಒಳಗೆ ಹೋಗಲಿಲ್ಲ. ಊಟಕ್ಕೆ ಎಬ್ಬಿಸಲು ಹೋದಾಗ ಮೈ ತಣ್ಣಗಾಗಿತ್ತು.

ಮಣ್ಣು ಮಾಡಿ ಬಂದ ಮೇಲೆ ಬಳಗದ ಹೆಂಗಸರು ಅವ್ವನ ಬಳೆ ತೆಗೆದರು. ಕನ್ನಡಿಗೆ ಅಂಟಿಸಿದ್ದ ಟಿಕಳಿಗಳನ್ನೂ ಕಿತ್ತರು. ಅಷ್ಟರಲ್ಲಿ ಅಪ್ಪನ ತಂಗಿಯ ಕಣ್ಣು ರಿಮೋಟಿನ ಮೇಲೆ ಬಿತ್ತು.

"ಇಲ್ಲೊಂದು ಉಳದದ ನೋಡ್ರಿ ಅತ್ತಿಗಿ," ಎಂದು ಕೀಳಲು ಉಗುರು ಹಾಕಿದಳು.

ಅವ್ವ ಎದ್ದು ಬಂದು ರಿಮೋಟ್ ಕಸಿದುಕೊಂಡಳು.

"ಮುಟ್ಟಬ್ಯಾಡ. ಅದು ನಂದಲ್ಲ, ಅವರದು."